ಮಾವನವರ ಗೇಮನ್ನು ನಾನು ಆಡಿದ್ದು

ವಿಮರ್ಶಕನಿಗೆ ಬಂಧುಬಳಗ ಇರಕೂಡದು. ಇದ್ದರೂ ಬರೆಯಲು ಕೂತಾಗ ಅವರೆಲ್ಲ ಅಪರಿಚಿತರಾಗಬೇಕು. ಹೀಗೆಂದು ನಾನು ಗುರುವಾರ ಬೆಳಗ್ಗೆ ಹಲ್ಲುಜ್ಜುತ್ತಲೇ ಹೆಂಡತಿಯ ಮುಂದೆ ಘೋಷಿಸಿದೆ. ಬಾಯಿ ತುಂಬ ನೊರೆಯಿದ್ದುದರಿಂದ ಅರ್ಧ ಘೋಷಣೆ ಕನ್ನಡಿಯ ಮೇಲೆ ಹೋಗಿ ಕೂತಿತು.

"ಮೊದ್ಲು ಬಾಯಿ ತೊಳ್ಕೊಳ್ಳಿ," ಎಂದಳು.

ನಾನೊಂದು ವಾರಪತ್ರಿಕೆಯಲ್ಲಿ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ಗುಣದೋಷ ಬರೆಯುವವನು. ನಾನು ತೆಗಳಿದ ಮಿಕ್ಸಿಯನ್ನು ಯಾರೂ ಕೊಳ್ಳುವುದಿಲ್ಲ. ಹೊಗಳಿದ್ದನ್ನೂ ಕೊಳ್ಳುವುದಿಲ್ಲ, ಆ ಮಾತು ಬೇರೆ. ಈ ವಾರ ಸಂಪಾದಕರು ನನ್ನ ತಲೆಗೆ ಕಟ್ಟಿದ್ದು ಒಂದು ವಿಡಿಯೊ ಗೇಮ್. ಹೆಸರು 'ಪಾಳುಬಾವಿ'. ಅದನ್ನು ಮಾಡಿದವನು ನನ್ನ ಹೆಂಡತಿಯ ತಮ್ಮ. ಯಾವ ಕಂಪನಿಯ ಹಂಗೂ ಇಲ್ಲದೆ, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು, ತಲೆಗೂದಲು ಉದುರುವವರೆಗೆ ಮಾಡಿದ್ದ.

"ತುಂಬಾ ಕಷ್ಟದ ಆಟ ರೀ ಅದು," ಎಂದಳು ಹೆಂಡತಿ.

"ನಿಮ್ಮಪ್ಪ ನಡುಗೋ ಬೆರಳಲ್ಲಿ ಕೊನೇ ಬಾಗಿಲವರೆಗೂ ಹೋಗಿದ್ರು. ನನ್ನ ಬೆರಳಿಗೇನಾಗಿದೆ? ಶನಿವಾರದೊಳಗೆ ಮುಗಿಸಿ ಬಿಸಾಕ್ತೀನಿ."

ಅವಳು ಚೀಲ ಹೆಗಲಿಗೇರಿಸಿ ಹೊರಟಳು. ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ಹೋಗುವುದು ಬೆಳಗ್ಗೆ, ಮಧ್ಯಾಹ್ನಕ್ಕೆಲ್ಲ ವಾಪಸ್ಸು.

ಮಾವನವರು ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಕೊನೆಯ ದಿನಗಳನ್ನು ಅವರು ಕಳೆದದ್ದು ನಮ್ಮ ಹಿಂದಿನ ಕೋಣೆಯಲ್ಲಿ. ನಾನು ಆಫೀಸಿನಿಂದ ಬರುವ ಹೊತ್ತಿಗೆ ಮಂಚದೆದುರು ಕಂಪ್ಯೂಟರ್ ಉರಿಯುತ್ತಿರುತ್ತಿತ್ತು, ಆಟದ ಗುಂಡಿಗಳಿರುವ ಕಂಟ್ರೋಲರ್ ಹೊದಿಕೆಯ ಮೇಲೆ ಬಿದ್ದಿರುತ್ತಿತ್ತು. ಒಂದು ದಿನ ಮಗನಿಗೆ ಫೋನಿನಲ್ಲಿ ಹೇಳಿದರು: "ಕೊನೇ ಬಾಗಿಲ ಹತ್ರ ನಿಲ್ಸಿದೀನಿ ಕಣೋ. ನೀನು ಬಾ, ಒಟ್ಟಿಗೆ ಒಳಗೆ ಹೋಗೋಣ." ಮಗ ಬಂದದ್ದು ಅಂತ್ಯಕ್ರಿಯೆಗೆ. ಅಂದು ಅವನಿಗೆ ಆ ಕೋಣೆಗೆ ಕಾಲಿಡಲೂ ಆಗಲಿಲ್ಲ. ಈ ಭಾನುವಾರ ಬರುವವನಿದ್ದ, ಅಪ್ಪ ನಿಲ್ಲಿಸಿದಲ್ಲಿಂದ ಆಟ ಮುಗಿಸಲು.

ಇತ್ತ ನಾನು ರಜೆ ಹಾಕಿ, ಕುರ್ಚಿಗೊಂದು ದಿಂಬಿಟ್ಟು, ಮಹಾಸಮರಕ್ಕೆ ಸಜ್ಜಾಗಿ ಕೂತೆ. ಪರದೆಯ ಮೇಲೆ ಎರಡೇ ಸಾಲು: 'ಮುಂದುವರಿಸು', 'ಹೊಸ ಆಟ'. ನಾನು ವಿಮರ್ಶಕ, ಮೊದಲಿನಿಂದಲೇ ನೋಡಬೇಡವೇ? 'ಹೊಸ ಆಟ' ಒತ್ತಿದೆ. ಗುದ್ದಲಿ ಹಿಡಿದ ಬಡಕಲು ಆಳೊಬ್ಬ ಹಗ್ಗ ಹಿಡಿದು ಬಾವಿಗಿಳಿದ. ಇಳಿದವನನ್ನು ಕೊಡಲಿ ಹಿಡಿದ ಮುದುಕಿಯೊಬ್ಬಳು ಒಂದೇ ಏಟಿಗೆ ಕೊಂದಳು. ಇರಲಿ, ಮಾವನವರು ಎಲ್ಲಿಯವರೆಗೆ ಹೋಗಿದ್ದಾರೋ ನೋಡೋಣವೆಂದು 'ಮುಂದುವರಿಸು' ಒತ್ತಿದರೆ, ಅಲ್ಲಿಯೂ ನನ್ನ ಆಳೇ, ಅದೇ ಮುದುಕಿಯ ಎದುರು.

ಮಾವನವರ ಆಟದ ಸುಳಿವೇ ಇರಲಿಲ್ಲ. ಕೂಡಲೇ ಭಾಮೈದನಿಗೆ ಫೋನ್ ಹಚ್ಚಿದೆ.

"ಸುಮ್ನೆ ವಿಮರ್ಶೆಗೆ ಅಂತ ಕೇಳ್ತಿದೀನಪ್ಪ. ಯಾರೋ ಒಬ್ಬ ಪೆದ್ದ 'ಹೊಸ ಆಟ' ಒತ್ಬಿಟ್ಟ ಅನ್ಕೋ. ಹಳೇದು ವಾಪಸ್ ಬರುತ್ತಾ?"

"ಬರಲ್ಲ ಭಾವ. ಸೇವ್ ಆಗೋದು ಒಂದೇ ಆಟ. ಹೋದೋರು ವಾಪಸ್ ಬರ್ತಾರಾ? ಅದೇ ನನ್ನ ಗೇಮಿನ ತತ್ವ."

"ಅದು ತತ್ವ ಅಲ್ಲ ಮಾರಾಯ, ದೋಷ! ಒಂದು ಮಾತು ಕೇಳ್ಬಾರ್ದಾ, 'ಹಳೇದು ಹೋಗುತ್ತೆ, ಆಗ್ಬಹುದಾ' ಅಂತ? ಇಸ್ತ್ರಿಪೆಟ್ಟಿಗೆ ಕೂಡ ಸುಡೋ ಮುಂಚೆ ಕೆಂಪು ದೀಪ ತೋರ್ಸುತ್ತೆ."

"ಹಾಗೇ ಬರೀರಿ. ಆದ್ರೆ ಅಷ್ಟು ಪೆದ್ದ ಯಾರಿರ್ತಾರೆ ಭಾವ?"

ನಾನು ಕೆಮ್ಮಿ ಫೋನಿಟ್ಟೆ.

ಉಳಿದದ್ದು ಒಂದೇ ದಾರಿ. ಭಾನುವಾರದೊಳಗೆ ನಾನೇ ಆಡಿ ಆ ಕೊನೆಯ ಬಾಗಿಲನ್ನು ಮುಟ್ಟಬೇಕು. ಮುಟ್ಟಿ, ಏನೂ ಅರಿಯದವನಂತೆ ಸುಮ್ಮನಿರಬೇಕು. ವಿಮರ್ಶಕನಾಗಿ ಹೇಳುತ್ತೇನೆ, ಗೇಮ್ ಅದ್ಭುತವಾಗಿದೆ. ಅದೊಂದು ಚಪ್ಪಟೆ ಲೋಕ: ಎಡ, ಬಲ, ಮೇಲೆ, ಕೆಳಗೆ, ಅಷ್ಟೇ. ಅಡಗಲು ಮೂಲೆಯೇ ಇಲ್ಲ. ಕೈಯಲ್ಲೇ ಬರೆದ ಒಂದೊಂದು ಚಿತ್ರವೂ ಜೀವಂತ. ಕಲ್ಲಿನ ಮೇಲಿನ ಪಾಚಿ ಕೂಡ ಉಸಿರಾಡುತ್ತದೆ. ಮುದುಕಿ ಮೋಸ ಮಾಡುವವಳಲ್ಲ. ಕೊಡಲಿ ಎತ್ತುತ್ತಾಳೆ, ಒಂದು ಗಳಿಗೆ ತಡೆಯುತ್ತಾಳೆ, ಆಮೇಲೆ ನ್ಯಾಯವಾಗಿ ಕೊಲ್ಲುತ್ತಾಳೆ. ಕೊಡಲಿ ಎತ್ತಿದ್ದು ಕಂಡ ತಕ್ಷಣ ನಾನು ಮುನ್ನುಗ್ಗುತ್ತಿದ್ದೆ, ನುಗ್ಗಿದ ತಕ್ಷಣ ಸಾಯುತ್ತಿದ್ದೆ. ದೋಷಗಳೋ, ಬೇಕಾದಷ್ಟಿವೆ. ಸತ್ತಾಗಲೆಲ್ಲ ಬಾವಿಯ ಕಟ್ಟೆಯಿಂದ ಮತ್ತೆ ಹಗ್ಗ ಹಿಡಿದು ಇಳಿಯಬೇಕು. ಅಕ್ಷರಗಳನ್ನು ಓದಲು ಮೂಗು ಪರದೆಗೆ ತಾಗಬೇಕು. ಎಲ್ಲಕ್ಕಿಂತ ಕ್ರೂರವಾದದ್ದು ಇನ್ನೊಂದಿದೆ: ಸತ್ತಲ್ಲೆಲ್ಲ ಒಂದು ಗೋರಿಕಲ್ಲು ಏಳುತ್ತದೆ, ಮತ್ತೆ ಅಳಿಯುವುದಿಲ್ಲ. ಶುಕ್ರವಾರ ಮಧ್ಯಾಹ್ನಕ್ಕೆ ಮುದುಕಿಯ ಅಂಗಳ ಸ್ಮಶಾನವಾಗಿ ಅವಳಿಗೇ ನಿಲ್ಲಲು ಜಾಗವಿರಲಿಲ್ಲ.

"ಅಯ್ಯೋ, ಮತ್ತೆ ಹೋಯ್ತಲ್ಲಪ್ಪಾ..." ಎಂದು ಅರಚಿದೆ. ಹಿಂದೆ ಹೆಂಡತಿಯ ಹೆಜ್ಜೆ ಕೇಳಿಸಿತು. ಗಬಕ್ಕನೆ ಪರದೆ ಆರಿಸಿದೆ.

ಅವಳು ಬಾಗಿಲಲ್ಲೇ ನಿಂತಳು. ಎದುರಿಗೆ ಬರೀ ಮಂಚ, ಅದರ ಪಕ್ಕ ಕೆಂಗಣ್ಣಿನ ನಾನು. ಎವೆ ಮುಚ್ಚದೆ ಪರದೆ ನೋಡಿ ನೋಡಿ ನನ್ನ ಕಣ್ಣುಗಳಿಂದ ಧಾರಾಕಾರ ನೀರು ಸುರಿಯುತ್ತಿತ್ತು.

"ಎಷ್ಟು ಅಂತ ಅಳ್ತೀರಿ? ಮನಸ್ಸು ಗಟ್ಟಿ ಮಾಡ್ಕೊಳ್ಳಿ ರೀ," ಎಂದು ಬೆನ್ನು ಸವರಿದಳು. "ಒಳಗೊಳಗೇ ಇಷ್ಟು ಇಟ್ಕೊಂಡಿದ್ರಾ?"

ನಿಜ ಹೇಳಲು ಬಾಯಿ ತೆರೆದೆ. ಬಂದದ್ದು ಬಿಕ್ಕಳಿಕೆ. ಆಚೆ ಹೋಗಿ ಅವಳು ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳುವುದು ಕೇಳಿಸಿತು: "ಇವ್ರಿಗೆ ಅಪ್ಪ ಅಂದ್ರೆ ಇಷ್ಟು ಪ್ರಾಣ ಅಂತ ನಂಗೇ ಗೊತ್ತಿರ್ಲಿಲ್ಲ ಚಿಕ್ಕಮ್ಮ. ಕೋಣೆ ಬಿಟ್ಟು ಏಳ್ತಾನೇ ಇಲ್ಲ." ಸಂಜೆಯೊಳಗೆ ಸುದ್ದಿ ಬಳಗವೆಲ್ಲ ಸುತ್ತಿತು. ನನ್ನನ್ನು ಯಾವತ್ತೂ ಲೆಕ್ಕಕ್ಕಿಡದ ಹೆಂಡತಿಯ ದೊಡ್ಡಪ್ಪನವರು ತಾವಾಗಿಯೇ ಫೋನ್ ಮಾಡಿ, "ಅಳಿಯ ಅಂದ್ರೆ ನೀನಪ್ಪಾ," ಎಂದರು. ಊಟ ಅರ್ಧಕ್ಕೇ ಬಿಟ್ಟು ಕೋಣೆಗೆ ಓಡಿದೆ. ಅದನ್ನೂ ದುಃಖದ ಖಾತೆಗೇ ಸೇರಿಸಿದರು. ಶನಿವಾರ ಹೆಬ್ಬೆರಳು ಊದಿಕೊಂಡು ಬದನೆಕಾಯಿಯಾಯಿತು. ಮುದುಕಿಗೆ ಒಂದು ಗೀರೂ ಆಗಿರಲಿಲ್ಲ.

ಭಾನುವಾರ ಭಾಮೈದ ಬಂದ. ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಈ ಸಲ ಕೋಣೆಯೊಳಕ್ಕೆ ಹೋದ, ಅಪ್ಪನ ಮಂಚದ ಅಂಚಿನಲ್ಲಿ ಕೂತು 'ಮುಂದುವರಿಸು' ಒತ್ತಿದ. ಕೊನೆಯ ಬಾಗಿಲು ಕಾಣಲಿಲ್ಲ. ಮೊದಲ ಅಂಗಳ, ಮುದುಕಿ, ಬೆಟ್ಟದಷ್ಟು ಗೋರಿಕಲ್ಲು.

ಕಲ್ಲುಗಳನ್ನು ಎಣಿಸತೊಡಗಿ ಅರ್ಧಕ್ಕೇ ಬಿಟ್ಟ. ಆಮೇಲೆ ಬಾಗಿಲಲ್ಲಿ ನಿಂತ ಅಕ್ಕನಿಗೆ ಮೆಲ್ಲಗೆ ಅಂದ: "ಅಪ್ಪ ಇಲ್ಲಿಂದ ಮುಂದೆ ಹೋಗೇ ಇಲ್ಲ ಅಕ್ಕ. ಇಷ್ಟು ಸಲ ಸತ್ರೂ, ನನಗೆ ಬೇಜಾರಾಗ್ಬಾರ್ದು ಅಂತ ಕೊನೇ ಬಾಗಿಲು ಅಂತ ಸುಳ್ಳು ಹೇಳಿದಾರೆ. ನಾನೆಂಥ ಗೇಮ್ ಮಾಡ್ದೆ... ಹುಷಾರಿಲ್ಲದ ಮನುಷ್ಯನ್ನ ಇಷ್ಟು ಸಲ ಸಾಯ್ಸಿದೀನಲ್ಲ."

ಬಾಯಿ ಮುಚ್ಚಿಕೊಂಡಿದ್ದರೆ ನಾನು ಬಚಾವು. ಆದರೆ ಮಾವನವರು ಬದುಕಿಡೀ ಒಂದು ಸುಳ್ಳಾಡದ ಮನುಷ್ಯ, ಈಗ ಎದ್ದು ಬಂದು ಅಲ್ಲ ಎನ್ನುವಂತೆಯೂ ಇಲ್ಲ. ನನಗೆ ತಡೆಯಲಾಗಲಿಲ್ಲ.

"ಅವೆಲ್ಲ ನನ್ನ ಗೋರಿ ಕಣಪ್ಪ," ಎಂದೆ. "ಆ ಪೆದ್ದ ನಾನೇ. ಮಾವನವರ ಆಟ ನಾನು ಅಳಿಸಿಬಿಟ್ಟೆ."

ಭಾಮೈದ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹೆಂಡತಿ ನನ್ನನ್ನು ಒಮ್ಮೆ ನೋಡಿದಳು. ಆ ನೋಟದ ಮುಂದೆ ಮುದುಕಿಯ ಕೊಡಲಿ ಏನೇನೂ ಅಲ್ಲ. ಬೈಯುತ್ತಾಳೆಂದುಕೊಂಡೆ. ಬೈಯದೆ ತಮ್ಮನ ಪಕ್ಕ ಕೂತು ಕಂಟ್ರೋಲರ್ ಎತ್ತಿಕೊಂಡಳು.

ಮುದುಕಿ ಕೊಡಲಿ ಎತ್ತಿದಳು. "ತಾಳು," ಎಂದಳು ಹೆಂಡತಿ ತನಗೇ. "ತಾಳು... ತಾಳು... ಹ್ಞಾಂ, ಈಗ." ಕೊಡಲಿ ಗಾಳಿಯನ್ನು ಸೀಳಿತು, ಇವಳ ಗುದ್ದಲಿ ಬಿತ್ತು, ಮುದುಕಿ ಮಗುಚಿಕೊಂಡಳು.

"ಅಕ್ಕಾ, ನೀನಾ?"

"ಅಪ್ಪನ ಬೆರಳು ಯಾವತ್ತೋ ನಿಂತ್ಹೋಗಿತ್ತು ಕಣೋ. ಮಧ್ಯಾಹ್ನ ಅವ್ರು ಹೇಳೋರು, ನಾನು ಒತ್ತೋಳು. ನಿಂಗೆ ಗೊತ್ತಾದ್ರೆ ಗಾಬರಿ ಆಗ್ತೀಯ, ಯಾರ್ಗೂ ಹೇಳ್ಬೇಡ ಅಂದಿದ್ರು." ಅವಳ ದನಿ ಒಡೆಯಿತು, ಬೆರಳು ನಿಲ್ಲಲಿಲ್ಲ. "ಅವ್ರು ಹೇಳಿದ್ದೆಲ್ಲ ಜ್ಞಾಪಕ ಇದೆ. ಸಂಜೆಯೊಳಗೆ ಆ ಬಾಗಿಲ ಹತ್ರ ಕರ್ಕೊಂಡ್ ಹೋಗ್ತೀನಿ. ಅಲ್ಲಿಂದ ನೀನು ಹೋಗು."

ಭಾಮೈದ ತಲೆಯಾಡಿಸಿ ಅಕ್ಕನ ಹೆಗಲಿಗೊರಗಿದ. ಅವಳ ಆಳು ನನ್ನ ಗೋರಿಗಳ ಮೇಲೆ ಹತ್ತಿಳಿಯುತ್ತ ಮುಂದೆ ಸಾಗಿದ. ಎಷ್ಟು ಹೊತ್ತಾದರೂ ಗೋರಿಗಳು ಮುಗಿಯಲೊಲ್ಲವು.

ನಾನು ಗೋಡೆಗಂಟಿಕೊಂಡು ಕೇಳಿದೆ: "ಮಾವ ನನ್ನ ಬಗ್ಗೆ ಏನಾದ್ರೂ ಅಂತಿದ್ರಾ?"

"ಇದೇ ಜಾಗದಲ್ಲಿ ಒಂದ್ಸಲ ಅಂದಿದ್ರು," ಎಂದಳು, ಪರದೆಯಿಂದ ಕಣ್ಣು ತೆಗೆಯದೆ. "ಅಪ್ಪ ಕೊನೇ ಸಲ ನಕ್ಕಿದ್ದೂ ಆಗ್ಲೇ. 'ಅಳಿಯಂದ್ರ ಕೈಗೆ ಮಾತ್ರ ಇದನ್ನ ಕೊಡ್ಬೇಡಮ್ಮ. ಪಾಪ, ಆ ಮುದುಕಿಗೂ ವಯಸ್ಸಾಗಿದೆ, ಕೊಡಲಿ ಎತ್ತೀ ಎತ್ತೀ ಸುಸ್ತಾಗ್ತಾಳೆ' ಅಂತ."