ಒಂದೇ ಪರಾತದ ಮನೆ

ಕೆಮ್ಮಿದರೆ ತಿರುಗಿ ಕೆಮ್ಮುವ ಮನೆಯನ್ನು ನೀವು ನೋಡಿದ್ದೀರಾ? ಜಮಖಂಡಿಯಲ್ಲಿದೆ. ನಮ್ಮ ಷಡ್ಡಕರದು! ಒಳಗೆ ಸಾಮಾನೇ ಇಲ್ಲದಿದ್ದರೆ ಪಾಪ, ದನಿ ತಾನೇ ಎಲ್ಲಿ ಕೂತೀತು?

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಪವರ್‌ಲೂಮ್ ರಿಪೇರಿಯಲ್ಲಿ ಪಳಗಿದ ಕೈ. ಇಥಿಯೋಪಿಯಾದ ಬಟ್ಟೆ ಗಿರಣಿಯಲ್ಲಿ ಕೆಲವು ವರ್ಷ ದುಡಿದು ಬಂದರು. ಪರದೇಶದಿಂದ ಬಂದವರು ಮನೆ ಮೇಲೆ ಮಹಡಿ ಏರಿಸುತ್ತಾರೆ. ಇವರು ಇದ್ದ ಮನೆಯನ್ನೇ ಬರಿದು ಮಾಡಿದರು! ಶೋಕೇಸು ಬಳೆಗಾರನಿಗೆ, ಸೋಫಾ ಕಟಿಂಗ್ ಅಂಗಡಿಗೆ. ಈಗ ದಾಡಿಗೆ ಹೋದಾಗ ತಾವು ಕೊಟ್ಟ ಸೋಫಾದ ಮೇಲೆ ತಾವೇ ಪಾಳಿ ಕಾಯುತ್ತಾರೆ!

"ಎರಡ ಅಂಗಿ ಸಾಕೇನ್ರಿ ಅಣ್ಣಾರ?" ಎಂದರೆ, "ಇರೂದ ಒಂದ ಮೈ ಐತಿ ತಮ್ಮಾ, ಎಷ್ಟಂತ ತೊಡಸ್ಲಿ?"

ಅವರ ಹೆಂಡತಿಗೆ ಸಿಟ್ಟು ಬರಬೇಕಲ್ಲವೇ? ಆಕೆಯೂ ಅವರ ಪಾರ್ಟಿ! "ಕಸಬರಿಗಿ ಹಿಡದರ, ಒಂದ ಹಾಡ ಮುಗಿಯೂದ್ರಾಗ ಮನಿ ಗುಡಿಸಿ ಆತು!"

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಬನಹಟ್ಟಿಯಲ್ಲಿ ಮಗ್ಗದ ಮುಂದೆ ನಿಂತು, ಒಂದೊಂದೇ ಕುರ್ಚಿ ಕೂಡಿಸಿದವನು. ಕುರ್ಚಿಯೆಂದರೆ ನನಗೆ ಬರೀ ಕಟ್ಟಿಗೆಯಲ್ಲ, ಮಾನ. ಅವರ ಹುಚ್ಚು ಅವರಿಗಿರಲಿ ಎಂದು ಸುಮ್ಮನಿದ್ದೆ. ಆದರೆ ಓದಿಗೆಂದು ನನ್ನ ಮಗಳು ಇದ್ದದ್ದು ಅದೇ ಮನೆಯಲ್ಲಿ. ಮುಧೋಳದ ಗಂಡಿನ ಕಡೆಯವರು ಅವಳನ್ನು ನೋಡಲು ಬರುತ್ತೇವೆಂದದ್ದೂ ಅದೇ ಮನೆಗೆ!

ಈ ಮೊದಲು ಎರಡು ಕಡೆಯವರು ಬಂದು, ಅವಲಕ್ಕಿ ತಿಂದು, "ಹೇಳಿ ಕಳಸ್ತೀವ್ರಿ" ಎಂದು ಹೋದವರು ಹೋದವರೇ. ಮಗಳು ಖಡಾಖಡಿ ಹೇಳಿದ್ದಳು: "ಅಪ್ಪಾ, ಇದ ಕಡೀದು. ಇನ್ನ ಮುಂದ ಚಾದ ಟ್ರೇ ಹಿಡಕೊಂಡು ಯಾರ ಮುಂದೂ ನಿಂದ್ರಂಗಿಲ್ಲ."

ನನಗೆ ಅನ್ನ ಸೇರದಾಯಿತು. "ಬಾಡಿಗಿ ಕುರ್ಚಿ ತರಸ್ಲೇನ್ರಿ ಅಣ್ಣಾರ?"

"ಮಗಳನ್ನ ತೋರಸ್ತಿಯೋ, ಕುರ್ಚಿ ತೋರಸ್ತಿಯೋ? ನಾಳೆ ಅವ್ರು ಕುರ್ಚೀನ ಒಪ್ಕೊಂಡ್ರ ಏನ್ ಮಾಡ್ತಿ?"

ಬಂದರು. ಹುಡುಗ, ಅವನ ಅಪ್ಪ, ತಾಯಿ. ಅಪ್ಪನದು ಭಾರೀ ದೇಹ. ಗೋಡೆ ಹಿಡಿದು ಜಮಖಾನೆಯ ಮೇಲೆ ಇಳಿಯುತ್ತಿದ್ದರೆ ಅವರ ಜೊತೆ ನನ್ನ ಜೀವವೂ ಇಳಿಯಿತು. ಕೂತು ಕೆಮ್ಮಿದರು. ಮನೆಯೂ ಕೆಮ್ಮಿತು. ಅವರು ಬೆದರಿ ಮಾಳಿಗೆ ನೋಡಿದರು!

ಅಷ್ಟರಲ್ಲಿ ಷಡ್ಡಕರು ಹಿಟ್ಟು ನಾದುವ ದೊಡ್ಡ ಪರಾತ ತಂದು ನಡುವೆ ಇಟ್ಟರು. ಅದರ ತುಂಬ ಬಿಸಿ ರೊಟ್ಟಿ, ಎಣಗಾಯಿ, ಝುಣಕ, ಶೇಂಗಾ ಹಿಂಡಿ.

"ಗಂಗಾಳ?" ಎಂದು ತಟ್ಟೆಗಾಗಿ ಅತ್ತಿತ್ತ ನೋಡಿದರು ಹುಡುಗನ ಅಪ್ಪ.

"ಇದ ನೋಡ್ರಿ! ನಾ ಇದ್ದ ದೇಶದಾಗ ಎಲ್ಲಾರೂ ಒಂದರಾಗ ಉಣ್ತಾರ. ಜೀವದವ್ರ ಬಾಯಾಗ ತುತ್ತನೂ ಇಡ್ತಾರ."

"ಮದುವೀಕಿಂತ ಮೊದ್ಲ ಭೂಮದ ಊಟ ಏನ್ರಿ ಇದು!" ಮದುವೆಯ ದಿನ ಗಂಡು ಹೆಣ್ಣು ಒಂದೇ ತಾಟಿನಲ್ಲಿ ಉಣ್ಣುವ ಊಟವದು. ಹುಡುಗನ ಅಪ್ಪ ಹಾಗೆಂದು ನಕ್ಕರೋ ಜರಿದರೋ ತಿಳಿಯಲಿಲ್ಲ. ನನ್ನ ಎದೆಯಲ್ಲಿ ಮಗ್ಗದ ಲಾಳಿ ಓಡತೊಡಗಿತು. ಎಂಜಲು ಎಂದು ಎದ್ದು ಹೋದರೆ?

ಹುಡುಗನ ತಾಯಿ ಸೆರಗು ಹೊದ್ದು ಬಾಗಿಲ ಬಳಿಯೇ ನಿಂತಿದ್ದರು. ಪಕ್ಕದಲ್ಲಿ ಟ್ರೇ ಹಿಡಿದ ನನ್ನ ಮಗಳು.

"ನೀವೂ ಬರ್ರೆವಾ," ಎಂದರು ಷಡ್ಡಕರು.

"ಗಂಡಸರದ ಆಗ್ಲಿರಿ. ನಮ್ಮದು ಆಮ್ಯಾಲ."

"ಆಮ್ಯಾಲ ಅನ್ನಾಕ ಈ ಮನ್ಯಾಗ ಇನ್ನೊಂದ ಪರಾತ ಇಲ್ಲರೆವಾ!"

ಆ ತಾಯಿ ಗಂಡನ ಮುಖ ನೋಡಿದರು. ಹುಡುಗನ ಅಪ್ಪ ಪರಾತ ನೋಡಿದರು, ತಮ್ಮ ಮೊಣಕಾಲು ನೋಡಿದರು. ಆಮೇಲೆ ಆ ಭಾರೀ ದೇಹವನ್ನು ತೆವಳಿಸಿ, ಬದಿಗೆ ಸರಿದು ಜಾಗ ಮಾಡಿದರು!

ತಾಯಿ ಕೂತರು. "ನೀನೂ ಬಾರವಾ," ಎಂದರು. ಮಗಳು ಟ್ರೇ ನೆಲಕ್ಕಿಟ್ಟು ಪಕ್ಕದಲ್ಲಿ ಕೂತಳು.

ಆ ತಾಯಿ ರೊಟ್ಟಿ ಮುರಿದರು. ಕೈ ಅಲ್ಲೇ ನಿಂತಿತು. "ಮದುವಿ ಆದಾಗಿಂದ ಎಲ್ಲಾರದೂ ಆದ ಮ್ಯಾಲೆ ಉಂಡಾಕಿ ನಾ," ಎಂದು ಮೆಲ್ಲಗೆ ಹೇಳಿದರು. "ಇಷ್ಟ ಬಿಸಿ ರೊಟ್ಟಿ ಇವತ್ತ ಸಿಕ್ಕೈತಿ ನೋಡವಾ." ಆ ಮೊದಲ ತುತ್ತನ್ನು ನನ್ನ ಮಗಳ ಬಾಯಿಗಿಟ್ಟರು.

ಹುಡುಗನ ಅಪ್ಪ ಅಡುಗೆಮನೆಯ ಕಡೆ ತಿರುಗಿ, "ನಮ್ಮಾಕಿಗೊಂದ ಬಿಸಿ ರೊಟ್ಟಿ ತರ್ರಿ," ಎಂದರು.

ಅವರು ಒಪ್ಪಿಗೆ ಹೇಳುವ ಮೊದಲೇ ನನ್ನ ಮಗಳು ನನ್ನ ಕಡೆ ನೋಡಿ ಹೂಂ ಎಂಬಂತೆ ತಲೆಯಾಡಿಸಿದಳು. ಬಾಯಿ ತುಂಬಿತ್ತು. ಮಾತು ಬರುವಂತಿರಲಿಲ್ಲ.