ಶಾಲಿಗೂ ರಜೆ ಮಂಜೂರು

"ಮಾವಾ, ಇನ್ನ ನಿಮ್ಮ ಆಫೀಸಿನ್ಯಾಗ ಯಾರೂ ಮಾರಿ ಗಂಟು ಹಾಕ್ಕೊಂಡು ಕುಂದ್ರೂದಿಲ್ಲ!"

ಹೀಗೆಂದು ನನ್ನ ಹೆಂಡತಿಯ ತಮ್ಮ ಗುರುಶಾಂತ, ತಾನೇ ಮಾಡಿದ, ಇಡ್ಲಿ ಪಾತ್ರೆಯಂಥ ಯಂತ್ರವೊಂದನ್ನು ಹುಬ್ಬಳ್ಳಿಯ ನಮ್ಮ ಪಂಪ್‌ಸೆಟ್ ಕಂಪನಿಯ ಮೇಜಿನ ಮೇಲೆ ಕುಕ್ಕಿದ. ಅದರ ಮೇಲೆ ಕೈಯಿಟ್ಟರೆ ಸಾಕಂತೆ, ಮನಸ್ಸು ಬಯಸಿದ ಬಹುಮಾನ ತಕ್ಷಣ ಕೊಡಿಸುತ್ತದಂತೆ!

ಅಂದು ನನಗೆ ಸತ್ಕಾರ. ಇಪ್ಪತ್ತೈದು ವರ್ಷದ ಸೇವೆಗೆ ಒಂದು ಶಾಲು. ನಮ್ಮಲ್ಲಿರುವುದು ಒಂದೇ ಶಾಲು; ಹನ್ನೊಂದು ವರ್ಷದಿಂದ ಎಲ್ಲರಿಗೂ ಅದನ್ನೇ ಹೊದಿಸಿ, ಫೋಟೋ ಹೊಡೆದು, ವಾಪಸ್ ಕಪಾಟಿಗೆ ಇಡುತ್ತಾರೆ! ಯಾರಿಗೆ ಬೇಕು ಅದು? ಮರುದಿನ ವಿಜಯಪುರದಲ್ಲಿ ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವವರಿದ್ದರು. ನನ್ನ ರಜೆ ಅರ್ಜಿ ನೋಡಿದರೆ ಮ್ಯಾನೇಜರ್ ಬೆಳವಡಿ ಸಾಹೇಬರ ಮೇಜಿನ ಮೇಲೆ ಮೂರು ವಾರದಿಂದ ಸಹಿಯಿಲ್ಲದೆ ಬಿದ್ದಿತ್ತು. ಹೆಗಲಿಗೆ ಶಾಲು ಹೊದ್ದು ಫೋಟೋಗೆ ಕಾಯುತ್ತ ನಿಂತಿದ್ದೆ.

"ಮೊದಲ ನಾ!" ಎಂದು ಟೈಪಿಸ್ಟ್ ಗಂಗಕ್ಕ ಕೈಯಿಟ್ಟರು. ಯಂತ್ರ ಸೀಟಿ ಹೊಡೆಯಿತು. ಅವರ ಕುರ್ಚಿ ಅವರನ್ನು ಹೊತ್ತುಕೊಂಡೇ ಹಾರಿ ಸಾಹೇಬರ ಫ್ಯಾನಿನ ಕೆಳಗೆ ಇಳಿಯಿತು! ಸಾಹೇಬರು ಕುರ್ಚಿ ಸಮೇತ ಕಿಟಕಿಯ ಬಿಸಿಲಿಗೆ ಬಂದು ಬಿದ್ದರು.

"ಏನ್ರೀ ಇದು ಹುಚ್ಚಾಟ!" ಎಂದು ಅವರು ಕಿರುಚುವಷ್ಟರಲ್ಲಿ ಜವಾನ ಫಕ್ಕೀರಪ್ಪ ಕೈಯಿಟ್ಟಾಗಿತ್ತು. ಸಾಹೇಬರ ಕಾಲುಗಳು ತಾವಾಗಿಯೇ ನಡೆದವು; ಅವರು ಟ್ರೇ ಹಿಡಿದು ಬಂದು, "ಫಕ್ಕೀರಪ್ಪಾರ, ಚಾ ತಗೋರಿ. ಸಕ್ರಿ ಸಾಕೇನ್ರಿ?" ಎಂದರು!

"ಸ್ವಲ್ಪ ಕಮ್ಮಿ ಆಗೇತ್ರಿ," ಎಂದ ಫಕ್ಕೀರಪ್ಪ, ಕಾಲ ಮೇಲೆ ಕಾಲು ಹಾಕಿ.

"ಬಂದ್ ಮಾಡೋ ಗುರುಶಾಂತ!"

"ಬಂದ್ ಮಾಡೂ ಬಟನ್ ಇನ್ನೂ ಹಚ್ಚಿಲ್ಲ ಮಾವಾ!"

ಹಾಗಾದರೆ ನಾನೇಕೆ ಬಿಡಲಿ? ಎರಡೂ ಕೈ ಇಟ್ಟೆ. ಸಾಹೇಬರ ಕೈ ಪೆನ್ನು ಹಿಡಿದು, ನನ್ನ ಅರ್ಜಿಯ ಮೇಲೆ 'ರಜೆ ಮಂಜೂರು' ಎಂದು ಬರೆದು ಸಹಿ ಹಾಕಿತು. ಕುಣಿದಾಡಿಬಿಟ್ಟೆ! ಆದರೆ ಆ ಕೈ ನಿಲ್ಲಲೇ ಇಲ್ಲ. ಮೇಜು, ಗೋಡೆ, ಗಂಗಕ್ಕನ ಬುತ್ತಿ ಡಬ್ಬಿ, ನನ್ನ ಹೆಗಲ ಮೇಲಿನ ಶಾಲು, ಕೊನೆಗೆ ಯಂತ್ರದ ಮೇಲೂ 'ರಜೆ ಮಂಜೂರು'! ಯಂತ್ರ ಉದ್ದ ಸೀಟಿ ಹೊಡೆದು, ಮೆಟ್ಟಿಲಿಳಿದು, ಬಸ್ ಸ್ಟ್ಯಾಂಡಿನ ಕಡೆಗೆ ಉರುಳಿಹೋಯಿತು. ಆಗಲೇ ಸಾಹೇಬರ ಕೈ ನಿಂತದ್ದು.

ಫೋಟೋ ಮುಗಿದ ಮೇಲೆ ಫಕ್ಕೀರಪ್ಪ ಎಂದಿನಂತೆ ಶಾಲಿಗೆ ಕೈ ಚಾಚಿದ.

"ಮುಟ್ಟಬ್ಯಾಡ! ಸಾಹೇಬರ ಸಹಿ ಐತಿ ನೋಡು. ಶಾಲೂ ರಜಾದಾಗ ಐತಿ!" ಎಂದೆ.

ಸಾಹೇಬರು ಎರಡು ಸಲ ಓದಿ ನೋಡಿ, ಪೆನ್ನಿಗೆ ಕ್ಯಾಪ್ ಹಾಕಿ ಜೇಬಿಗಿಟ್ಟರು. ಸ್ವಂತ ಸಹಿಯನ್ನು ಅಲ್ಲಗಳೆಯಲಾಗುತ್ತದೆಯೇ? ಮರುದಿನ ನನ್ನ ಮೊಮ್ಮಗಳು ಅದನ್ನೇ ಹೊದ್ದು ತೊಟ್ಟಿಲಲ್ಲಿ ಮಲಗಿದ್ದಳು. ನೋಡಿ ಕಣ್ಣು ತುಂಬಿ ಬಂತು.

ನಾನು ಸೋಮವಾರ ಕೆಲಸಕ್ಕೆ ಹಾಜರಾದೆ. ಯಂತ್ರದ್ದು ನಿನ್ನೆ ಪತ್ರ ಬಂತು. ಇನ್ನೂ ಹದಿನೈದು ದಿನ ರಜೆ ಬೇಕಂತೆ.