ಬಾವಿಗಿಳಿದ ಕ್ಯಾಮೆರಾ ಡಬ್ಬಿ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಜನ ಹೇಳುತ್ತಾರೆ. ಸುಳ್ಳು. ಬರಬೇಕಾದರೆ ಅದು ಮೊದಲು ಹೋಗಿರಬೇಕಲ್ಲ? ಬೆಳಿಗ್ಗೆ ಎದ್ದಾಗ ಒಂದು ಚಪ್ಪಲಿ ಮಂಚದ ಕೆಳಗೆ ಸರಿದಿದ್ದರೆ ಆ ಚಪ್ಪಲಿಯನ್ನೂ ಬೈಯುವವನು ನಾನು. ಇನ್ನೊಂದು ಮಾತು, ನಮ್ಮೊಳಗೇ ಇರಲಿ: ತಪ್ಪು ನನ್ನದಾಗಿದ್ದ ದಿನ ನನ್ನ ದನಿ ಮಾಮೂಲಿಗಿಂತ ಜೋರಾಗಿರುತ್ತದೆ. ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಇಷ್ಟು ವರ್ಷ ವಿಜ್ಞಾನ ಕಲಿಸಿದರೂ ಈ ಕಾರ್ಯಕಾರಣ ಸಂಬಂಧವನ್ನು ಮಾತ್ರ ನಾನು ಯಾರಿಗೂ ವಿವರಿಸಿಲ್ಲ.

ಕ್ಯಾಮೆರಾಕ್ಕೆ ನೀರು ಹೋಗದ ಡಬ್ಬಿ ಮಾಡುವ ಹುಚ್ಚು ಹತ್ತಿದ್ದು ಒಂದು ಬಾವಿಯಿಂದ. ನನ್ನ ಹೆಂಡತಿ ಗಿರಿಜೆಯ ತವರು ತಂಬ್ರಹಳ್ಳಿ. ಅವರ ಹೊಲದ ಬಾವಿಯ ಗೋಡೆಯಲ್ಲಿ, ನೀರಿನ ಒಳಗೆ ಎರಡಾಳು ಆಳದಲ್ಲಿ, ಕಲ್ಲಿನ ಬಸವಣ್ಣನಿದ್ದಾನೆ, ಚಿಕ್ಕವಳಿದ್ದಾಗ ಈಜು ಕಲಿಯುತ್ತ ಅವನ ಕೋಡು ಮುಟ್ಟಿ ಬಂದಿದ್ದೇನೆ ಎಂಬುದು ಅವಳ ಮಾತು. ಆ ಬಾವಿ ಬತ್ತಿದ್ದನ್ನು ಯಾರೂ ನೋಡಿಲ್ಲ, ಹಾಗಾಗಿ ಬಸವಣ್ಣನನ್ನೂ ನೋಡಿಲ್ಲ. "ಪಾಚಿಗಲ್ಲು ಮುಟ್ಟಿ ಬಸವಣ್ಣ ಅಂತಾಳ" ಎಂದು ಅವಳ ಅಣ್ಣ ಅಂದಿನಿಂದ ನಗುತ್ತಲೇ ಇದ್ದಾನೆ. ಆ ಸಲ ಪಂಚಮಿಗೆ ಹೋದಾಗ ಊಟಕ್ಕೆ ಕೂತಲ್ಲಿ ಮತ್ತೆ ನಕ್ಕ. ಗಿರಿಜೆ ಬಡಿಸುವುದನ್ನು ಬಿಟ್ಟು ಒಳಗೆ ಹೋದಳು. ನನಗೆ ಮೈಯೆಲ್ಲ ಉರಿಯಿತು. "ಫೋಟೋ ತಗದು ತೋರಿಸ್ತೀನಿ. ಕೊಡ್ರಿ ನಿಮ್ಮ ಹೊಸಾ ಕ್ಯಾಮೆರಾ" ಎಂದೆ. "ಒಣಾ ತಂದು ಕೊಡ್ರಿ ಮಾಸ್ತರ" ಎಂದು ನಗುತ್ತಲೇ ಕೊಟ್ಟ. ಆ ನಗುವಿಗೆ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಡಬ್ಬಿ ಮಾಡಿಕೊಟ್ಟವರು ಸೈಕಲ್ ಶಾಪಿನ ಖಾಸಿಂಸಾಬರು. ನಾನು ಅಡುಗೆಮನೆಯಿಂದ ಹೊತ್ತೊಯ್ದ ದಪ್ಪ ಅಲ್ಯೂಮಿನಿಯಂ ಡಬ್ಬಿಯ ಮುಚ್ಚಳ ಕೊರೆದು ಗಾಜು ಕೂರಿಸಿದರು. ಕ್ಯಾಮೆರಾ ಒಳಗೆ ಅಂಗಾತ ಮಲಗಿ ಗಾಜಿನಿಂದ ಹೊರಗೆ ನೋಡಬೇಕು. ಬಾಯಿಯ ಸುತ್ತ ಸೈಕಲ್ ಟ್ಯೂಬಿನ ರಬ್ಬರು, ಬಿಗಿಯಲು ನಾಲ್ಕು ನಟ್ಟು, ಗುಂಡಿ ಒತ್ತಲು ಪಕ್ಕದಿಂದ ಒಂದು ಕಡ್ಡಿ, ಅದರ ತೂತಿಗೆ ಗ್ರೀಸು. ಪಂಕ್ಚರ್ ನೋಡುವ ಬಾನಿಯಲ್ಲಿ ಅದುಮಿ ಹಿಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ. "ಒಮ್ಮಿ ಮುಚ್ಚಿದ ಮ್ಯಾಲ ತಗೀಬ್ಯಾಡ್ರಿ ಮಾಸ್ತರ. ರಬ್ಬರ್ ಮ್ಯಾಲ ಒಂದೀಟು ಧೂಳು ಕುಂತ್ರೂ ನೀರು ಹೊಕ್ತೈತಿ" ಎಂದರು ಖಾಸಿಂಸಾಬರು. "ವಿಜ್ಞಾನದ ಮಾಸ್ತರಗ ನೀವು ಹೇಳಿಕೊಡ್ತೀರೇನು?" ಎಂದು ರೇಗಿದೆ.

ಭಾನುವಾರ ಕ್ಯಾಮೆರಾ ಇಟ್ಟು ನಟ್ಟು ಬಿಗಿದು ಹೊರಟರೆ ಗಿರಿಜೆ ವಿಭೂತಿ ಗಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹೊಲಿಗೆ ಮಷೀನಿನಿಂದ ಟ್ರ್ಯಾಕ್ಟರಿನವರೆಗೆ ನಮ್ಮಲ್ಲಿ ಯಾವ ಹೊಸ ವಸ್ತುವೂ ಹಣೆಗೆ ಮೂರು ಬೆರಳಿನ ವಿಭೂತಿ ಇಲ್ಲದೆ ಕೆಲಸ ಶುರು ಮಾಡುವುದಿಲ್ಲ. "ತಡೀರಿ, ಕ್ಯಾಮೆರಾಕ್ಕ ಒಂದೀಟು ಹಚ್ತೀನಿ" ಎಂದಳು. ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಬೂದಿಯಿಂದ ಫೋಟೋ ಬರುವುದಾದರೆ ನಾನು ಹೈಸ್ಕೂಲು ಮುಚ್ಚಿಸಿ ಮಠ ಕಟ್ಟುತ್ತೇನೆ ಎಂದೆ. ಕದ್ದು ಹಚ್ಚಿಯಾಳೆಂದು ಗಟ್ಟಿಯನ್ನು ಕಸಿದು ನನ್ನ ಅಂಗಿಯ ಜೇಬಿಗೇ ಹಾಕಿಕೊಂಡೆ.

ಬಾವಿಯ ದಂಡೆಯಲ್ಲಿ ಗಿರಿಜೆ, ಅವಳ ಅಣ್ಣ, ಖಾಸಿಂಸಾಬರು, ಜೊತೆಗೆ ಅರ್ಧ ಊರು. ಉಸಿರು ಹಿಡಿಯುವ ಅಭ್ಯಾಸ ಮಾಡಬೇಕೆಂದು ಹೇಳಿ, ಮೆಟ್ಟಿಲ ತಿರುವಿನ ಮರೆಯಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಒಬ್ಬನೇ ಸ್ವಲ್ಪ ಹೊತ್ತು ಕೂತೆ. ಆಮೇಲೆ ಅಂಗಿ ಕಳಚಿ ಮುಳುಗಿದೆ. ಒಂದಾಳು ಆಳ ಇಳಿದಿರಲಿಲ್ಲ, ಡಬ್ಬಿಯಿಂದ ಬುಳುಬುಳು ಎಂದು ಗುಳ್ಳೆ. ಮೇಲೆ ತಂದು ತೆರೆದರೆ ಸಾರಿನೊಳಗಿನ ಬದನೆಕಾಯಿಯ ಹಾಗೆ ಕ್ಯಾಮೆರಾ ಮಲಗಿತ್ತು. ಖಾಸಿಂಸಾಬರು ರಬ್ಬರಿನ ಮೇಲೆ ಬೆರಳಾಡಿಸಿ, "ಮಾಸ್ತರ, ಇಲ್ಲಿ ವಿಭೂತಿ ಐತಲ್ರಿ" ಎಂದರು. ನಾನು ಗಿರಿಜೆಯ ಮೇಲೆ ಹರಿಹಾಯ್ದೆ. ಅಷ್ಟು ಜನರ ಮುಂದೆ ಏನೇನೋ ಅಂದೆ. ಅವಳು ಅಳಲಿಲ್ಲ. "ಬಸವಣ್ಣನ್ನ ಮುಟ್ಟೀನಿ ಅಂದ್ರೂ ಯಾರೂ ನಂಬಲಿಲ್ಲ. ಡಬ್ಬಿ ಮುಟ್ಟಿಲ್ಲ ಅಂದ್ರೂ ನಂಬಂಗಿಲ್ಲ" ಎಂದು ಹೇಳಿ ತವರಿನ ಮನೆಯತ್ತ ನಡೆದಳು. ಅಲ್ಲಿಂದ ಎಂಟು ದಿನ ನಮ್ಮ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು.

ಒಂಬತ್ತನೆಯ ದಿನ ಸ್ಟುಡಿಯೋದವನು ಬಂದ. ನೆನೆದ ರೀಲನ್ನು ಗಿರಿಜೆಯೇ ಕೊಟ್ಟು ಬಂದಿದ್ದಳಂತೆ. "ಒಂದಽ ಫೋಟೋ ಬಂದೈತ್ರಿ ಅಕ್ಕಾರ" ಎಂದು ಲಕೋಟೆ ಕೊಟ್ಟ. ಫೋಟೋದ ತುಂಬ ನೀರಿನ ಕಲೆ. ಆದರೂ ಕಾಣಬೇಕಾದದ್ದು ಕಾಣುತ್ತಿತ್ತು: ಮುಂದೆ ವಿಭೂತಿ ಮೆತ್ತಿದ ದಪ್ಪ ಮೂರು ಬೆರಳು, ಅವುಗಳ ಹಿಂದೆ ಮೆಟ್ಟಿಲ ತಿರುವಿನ ಕಲ್ಲು, ನಡುವೆ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿರುವ ನನ್ನ ಮುಖ. ಏನು ಮಾಡಲಿ? ಆ ಆಳದ ನೀರು ನೋಡಿದಾಗ ವಿಜ್ಞಾನದ ಮೇಲೆ ನನಗೆ ಭರವಸೆ ಸಾಲಲಿಲ್ಲ. ಮುಚ್ಚಳ ತೆಗೆದು ಹಚ್ಚುವಾಗ ಕೈ ತಾಗಿ ಆ ಕಡ್ಡಿ ಗುಂಡಿಯನ್ನು ಒತ್ತಿಬಿಟ್ಟಿತ್ತು.

ಗಿರಿಜೆ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಳು. ನಾನು ಬೈಗುಳಕ್ಕೆ ಕಾದೆ. "ಅಣ್ಣಗೊಂದು ಕಾಪಿ ಕಳಸ್ತೀನಿ" ಎಂದಳು, ಅಷ್ಟೇ. ಇನ್ನೊಂದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾಳೆ. ದಿನಾ ಬೆಳಿಗ್ಗೆ ಅದನ್ನು ನೋಡಿದ ಕೂಡಲೇ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಬೈಯೋಣವೆಂದು ಹತ್ತಿರ ಹೋದರೆ, ಅದರಲ್ಲಿರುವವನು ಕಣ್ಣು ಮುಚ್ಚಿಕೊಂಡಿದ್ದಾನೆ.